ಮಿಶ್ರಿ ಡಬ್ಬಿಯ ವರ್ಷ

ಕಳೆದ ಮಾಘದಲ್ಲಿ ನಿಪ್ಪಾಣಿ ಹತ್ತಿರದ ನನ್ನ ತವರೂರಿಗೆ ಹೋದಾಗ, ಅಂಗಳಕ್ಕೆ ಕಾಲಿಡುವ ಮೊದಲೇ ಆ ವಾಸನೆ ಬಂದು ತಾಗಿತು. ಕಬ್ಬಿಣದ ಹಂಚಿನ ಮೇಲೆ ತಂಬಾಕಿನ ಎಲೆಯನ್ನು ಕಪ್ಪಾಗುವವರೆಗೆ ಹುರಿಯುವ ವಾಸನೆ. ಮೂಗಿಗೆ ಮೊದಲು ಖಾರ, ಆಮೇಲೆ ಕಹಿ, ಕೊನೆಗೆ ಒಂದು ಬಗೆಯ ಸಿಹಿ. ನನ್ನ ಬಲಗೈ ನನ್ನನ್ನು ಕೇಳದೆಯೇ ಸೊಂಟಕ್ಕೆ ಹೋಯಿತು. ಅಲ್ಲಿ ಡಬ್ಬಿ ಇರಲಿಲ್ಲ. ಇಲ್ಲದೆ ನಾಲ್ಕು ವರ್ಷ ದಾಟಿದೆ. ಆದರೂ ಕೈ ಹೋಯಿತು.

ಒಲೆಯ ಮುಂದೆ ನನ್ನ ಅಣ್ಣನ ಸೊಸೆ ಕಮಲಾ ಕುಳಿತಿದ್ದಳು. ಅವಳ ಮಗನ ಮದುವೆಗೆ ಹದಿನೈದು ದಿನ ಉಳಿದಿತ್ತು. ಹೊಸದೊಂದು ಸ್ಟೀಲಿನ ಡಬ್ಬಿಯನ್ನು ತೊಳೆದು ಪಕ್ಕದಲ್ಲಿ ಬೋರಲು ಹಾಕಿದ್ದಳು.

"ಬರೂ ಸೊಸಿಗೆ ಮಿಶ್ರಿ ಮಾಡಾಕತ್ತೇನ್ರಿ ಅತ್ತಿ. ಕುಂದರ್ರಿ, ಬಿಸೀದು ಐತಿ, ಒಂದ ಬೆರಳ ಹಚ್ಚಕೋರ್ರಿ."

"ಬಿಟ್ಟೇನಿ ಬೇ."

"ಹಲ್ಲಿಗೆ ಹಚ್ಚೂದು ಯಾರರ ಬಿಡ್ತಾರೇನ್ರಿ? ನಮ್ಮ ಮನ್ಯಾಗ ಎಲ್ಲಾರೂ ಹಚ್ಚತಾರ. ಯಾರಿಗೇನಾಗೇತಿ?"

ಯಾರಿಗೇನಾಗಿದೆ. ಇದೇ ಮಾತನ್ನು, ಇಷ್ಟೇ ಧೈರ್ಯದಿಂದ, ಚಿಕ್ಕೋಡಿಯ ಒಂದು ದವಾಖಾನೆಯಲ್ಲಿ ನಾನು ಹೇಳಿದ್ದೆ. ಕಮಲಾಳಿಗೆ ಹೇಳಬೇಕಾದ ಉತ್ತರ ಉದ್ದವಿದೆ, ಅದರೊಳಗೆ ನನ್ನ ತಪ್ಪೂ ಇದೆ. ಬರೆದು ಕಳಿಸುವವರೆಗೆ ಇದು ನನ್ನ ಹತ್ತಿರ ಇರಲಿ ಎಂದು ಹೇಳಿ, ಬೋರಲು ಹಾಕಿದ್ದ ಆ ಹೊಸ ಡಬ್ಬಿಯನ್ನು ಚೀಲದೊಳಗೆ ಹಾಕಿಕೊಂಡು ಬಂದೆ. ಕಮಲಾ ನಕ್ಕಳು. ಅತ್ತೆಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತಂಬಾಕು ಕೂಡಿಡುವ ವಖಾರದಲ್ಲಿ ಅವ್ವನ ಜೊತೆ ಎಲೆ ಆರಿಸುತ್ತಿದ್ದಾಗ, ಪುಡಿಕೆ ಕಟ್ಟಲು ತಂದಿಟ್ಟ ಹಳೆಯ ಪತ್ರಿಕೆಗಳನ್ನು ಓದಿ ಅಕ್ಷರವನ್ನು ಉಳಿಸಿಕೊಂಡೆ. ನಮ್ಮದು ಗಡಿಯ ಊರು, ಪತ್ರಿಕೆಗಳು ಎರಡೂ ಭಾಷೆಯಲ್ಲಿ ಬರುತ್ತಿದ್ದವು. ಒಂದೇ ಸುದ್ದಿ ಕನ್ನಡದಲ್ಲಿ ಒಂದು ಬಗೆ, ಮರಾಠಿಯಲ್ಲಿ ಇನ್ನೊಂದು ಬಗೆ. ಒಂದರಲ್ಲಿ ಸತ್ತವರು ಇಬ್ಬರಾದರೆ ಇನ್ನೊಂದರಲ್ಲಿ ಯಾರೂ ಸತ್ತಿರುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿಗೆ ಅಷ್ಟು ಸಾಕಾಯಿತು. ಅಂದಿನಿಂದ ಯಾರು ಏನು ಹೇಳಿದರೂ, ಅದನ್ನು ಹೇಳಿದವರಿಗೆ ಅದು ಎಲ್ಲಿಂದ ಬಂತು ಎಂದು ಕೇಳುವುದು ನನ್ನ ಸ್ವಭಾವವಾಯಿತು. ಈ ಸ್ವಭಾವದ ಬಗ್ಗೆ ನನಗೆ ಹೆಮ್ಮೆಯಿತ್ತು. ಅದು ನನ್ನ ಸ್ವಂತ ಬಾಯಿಯವರೆಗೆ ಬಂದು ಅಲ್ಲಿಯೇ ನಿಂತುಬಿಟ್ಟಿತ್ತು ಎಂಬುದು ಮಾತ್ರ ಬಹಳ ತಡವಾಗಿ ತಿಳಿಯಿತು.

ಮದುವೆಯಾಗಿ ಕೃಷ್ಣಾ ನದಿಯ ಹತ್ತಿರದ ಅಂಕಲಿಗೆ ಬಂದೆ. ಕಬ್ಬಿನ ಹೊಲ, ಎಮ್ಮೆಗಳು, ದೊಡ್ಡ ಮನೆ. ನನ್ನ ಜೊತೆ ಅವ್ವ ಕೊಟ್ಟ ಹಿತ್ತಾಳೆಯ ಡಬ್ಬಿಯೂ ಬಂತು. ಅದರಲ್ಲಿ ಮಿಶ್ರಿ. ಬೇರೆ ಕಡೆಯವರು ಮಿಶ್ರಿ ಎಂದರೆ ಕಲ್ಲುಸಕ್ಕರೆ ಎಂದುಕೊಳ್ಳುತ್ತಾರಂತೆ. ನಮ್ಮ ಕಡೆ ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಬೆರಳಿನಿಂದ ಹಲ್ಲಿಗೆ, ಒಸಡಿಗೆ ಹಚ್ಚಿ, ಸ್ವಲ್ಪ ಹೊತ್ತು ಹಾಗೆಯೇ ಕುಳಿತು, ಉಗುಳಿ ಬಾಯಿ ತೊಳೆಯುತ್ತೇವೆ. ಬೆಳಿಗ್ಗೆ ಒಮ್ಮೆ, ಊಟದ ಮೇಲೆ ಒಮ್ಮೆ, ಹೊಲದಿಂದ ಬಂದ ಮೇಲೆ ಒಮ್ಮೆ. ತಂಬಾಕು ಎಂದರೆ ಗಂಡಸರು ಸುಣ್ಣ ಹಚ್ಚಿ ತಿಕ್ಕಿ ತುಟಿಯೊಳಗೆ ಇಡುವುದು. ಮಿಶ್ರಿ ಎಂದರೆ ಹೆಂಗಸರ ಹಲ್ಲುಪುಡಿ. ಎರಡೂ ಒಂದೇ ಗಿಡದ ಎಲೆ ಎಂದು ತಂಬಾಕಿನ ಊರಲ್ಲೇ ಹುಟ್ಟಿದ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವು ನನಗೆ ಎರಡು ಬೇರೆ ವಸ್ತುಗಳಾಗಿದ್ದವು.

ನನ್ನ ತವರಿನ ವಾಡಿಕೆಯಂತೆ, ಮನೆಗೆ ಬಂದ ಸೊಸೆಗೆ ಮೊದಲ ಬೆಳಿಗ್ಗೆ ಅತ್ತೆ ತನ್ನ ಕೈಯಿಂದ ಒಂದು ಡಬ್ಬಿ ಕೊಡಬೇಕು. ನನ್ನ ಸೊಸೆ ಸುನಂದಾ ಅಥಣಿ ತಾಲ್ಲೂಕಿನ ಕೊಕಟನೂರಿನ ಕಡೆಯವಳು. ಅವಳ ತವರಿನಲ್ಲಿ ಬೂದಿ ಮತ್ತು ಉಪ್ಪಿನಿಂದ ಹಲ್ಲುಜ್ಜುತ್ತಿದ್ದರು. ನಾನು ಕೊಟ್ಟ ಪುಡಿಯನ್ನು ಹಚ್ಚಿಕೊಂಡವಳು ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಆಮೇಲೆ ವಾಂತಿ ಮಾಡಿದಳು. ಮದುವೆಗೆ ಬಂದಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಒಂದು ತಿಂಗಳಲ್ಲಿ ಅವಳಿಗೆ ರೂಢಿಯಾಯಿತು.

ಇದಾಗಿ ಮೂರು ವರ್ಷ ಕಳೆದರೂ ಅವಳಿಗೆ ಮಕ್ಕಳಾಗಲಿಲ್ಲ. ನಾನು ಬರೆಯಹೊರಟಿರುವುದು ಅದರ ಮುಂದಿನ ವರ್ಷದ ಮಾತು.

ಆ ವರ್ಷ ಮೃಗಶಿರಾ ಮಳೆ ಒಳ್ಳೆಯ ಹದಕ್ಕೆ ಬಂತು. ಮಳೆಯ ಎರಡನೆಯ ದಿನ ರಾಯಬಾಗದಿಂದ ನಮ್ಮ ಯಜಮಾನರ ಅಕ್ಕ ಗಂಗವ್ವ ಬಂದರು. ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿತನವನ್ನು ಅವರು ದೂರದಿಂದಲೇ ನಡೆಸುತ್ತಿದ್ದರು. ಪಡಸಾಲೆಯಲ್ಲಿ ಕುಳಿತು ಒಂದು ಕಾಗದದ ಪೊಟ್ಟಣವನ್ನು ನನ್ನ ಮುಂದೆ ಸರಿಸಿದರು.

"ಗಡಿ ಆಚೆ ಒಬ್ಬಾಂವ ವೈದ್ಯ ಅದಾನ. ಮೂರು ಅಮಾಸಿ ಈ ಪುಡಿ ಹಾಲಿನ್ಯಾಗ ಕೊಡು. ನೆಟ್ಟಗಾಗಲಿಲ್ಲಂದ್ರ ನನ್ನ ಹೆಸರ ಗಂಗವ್ವ ಅಲ್ಲ."

"ಪುಡ್ಯಾಗ ಏನೈತಿ ಅಕ್ಕಾ?"

"ಔಷಧ ಐತಿ."

"ಅದು ಗೊತ್ತಾತು. ಔಷಧದಾಗ ಏನೈತಿ?"

"ನಿನ್ನ ಈ ವಕೀಲಿ ನನ್ನ ತಮ್ಮನ್ನ ಬಾಳ ಕಾಡೇತಿ, ಶಾಂತಾ. ಕೇಳಬ್ಯಾಡ, ಕೊಡು." ಆಮೇಲೆ ದನಿ ಇಳಿಸಿದರು. ಅಡುಗೆಮನೆಯಲ್ಲಿದ್ದ ಸುನಂದಾಳಿಗೆ ಕೇಳುವಷ್ಟೇ ಇಳಿಸಿದರು. "ಯುಗಾದಿ ತನಕಾ ನೋಡೂಣು. ಆಗಲಿಲ್ಲಂದ್ರ ನಮ್ಮ ಊರಾಗ ಒಂದ ಹುಡುಗಿ ನೋಡಿಟ್ಟೇನಿ. ಬಸೂಗ ವಯಸ್ಸೇನ ಹೋಗಿಲ್ಲ."

ನನ್ನ ಮಗ ಬಸು ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅವನ ಮೌನವನ್ನೂ ನಾನು ಸಂಶಯದಿಂದಲೇ ನೋಡಿದೆ. ನಾನಾದರೂ ಗಂಗವ್ವನಿಗೆ ಎದುರಾಡಬಹುದಿತ್ತು, ಆಡಲಿಲ್ಲ. ಮೊಮ್ಮಕ್ಕಳ ಆಸೆ ನನಗೂ ಇತ್ತು. ಸೊಸೆಯ ಮೈಯಲ್ಲಿಯೇ ಏನೋ ಕೊರತೆ ಇದೆ ಎಂಬ ಮಾತು ನನ್ನ ಒಳಗೂ ಎಲ್ಲಿಯೋ ಜಾಗ ಮಾಡಿಕೊಂಡಿತ್ತು. ಒಳಗಡೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಪುಡಿಯನ್ನು ನಾನು ಕೊಡಲಿಲ್ಲ. ಒಂದು ಚಿಟಿಕೆಯನ್ನು ನೀರಿಗೆ ಹಾಕಿ ನೋಡಿದೆ, ಬೂದು ಬಣ್ಣದ ಏನೋ ತಳಕ್ಕೆ ಭಾರವಾಗಿ ಕುಳಿತಿತು. ಸೊಪ್ಪು ಬೇರಿನ ಪುಡಿ ಹಾಗೆ ಮುಳುಗುವುದಿಲ್ಲ. ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು, ಮಗ ಸೊಸೆ ಇಬ್ಬರನ್ನೂ ಕರೆದುಕೊಂಡು ಚಿಕ್ಕೋಡಿಗೆ ಹೋದೆ.

ಡಾಕ್ಟರಮ್ಮ ನಡುವಯಸ್ಸಿನವರು, ನಮ್ಮ ಭಾಗದವರೇ. ಪುಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ಏನೈತಂತ ನನಗೂ ಗೊತ್ತಾಗಂಗಿಲ್ರಿ ಅಜ್ಜಿ. ಗೊತ್ತಿಲ್ಲದ್ದು ಹೊಟ್ಟಿಗೆ ಹಾಕೂದು ಬ್ಯಾಡ" ಎಂದರು. ನನಗೆ ಅವರು ಹಿಡಿಸಿದರು. ಆದರೆ ಹಿಡಿಸಿದವರನ್ನು ನಾನು ಇನ್ನೂ ಹೆಚ್ಚು ಪರೀಕ್ಷಿಸುತ್ತೇನೆ. ಸುನಂದಾಳ ರಕ್ತ, ಥೈರಾಯ್ಡ್, ಸಕ್ಕರೆ ಎಲ್ಲ ನೋಡಬೇಕು ಎಂದರು. ಬಸುವಿನದೂ ಪರೀಕ್ಷೆ ಆಗಬೇಕು ಎಂದರು.

"ನಂದ್ಯಾಕ್ರಿ ಮೇಡಂ?" ಎಂದ ಬಸು.

"ಕೂಸಿನ್ಯಾಗ ನಿಮ್ಮದು ಅರ್ಧಾ ಪಾಲ ಐತಲ್ರಿ, ಅದಕ್ಕ. ತಂಬಾಕು ತಿಂತೀರೇನು?"

"ತಿಂತೇನ್ರಿ. ಸ್ವಲ್ಪ."

"ಇವತ್ತಿಂದ ಬಂದ್." ಬರೆದುಕೊಂಡು ಸುನಂದಾಳ ಕಡೆ ತಿರುಗಿದರು. "ನೀವು? ತಂಬಾಕು, ಗುಟಕಾ, ಏನರ?"

"ಇಲ್ರಿ."

"ನಮ್ಮ ಮನ್ಯಾಗ ಹೆಣ್ಣಮಕ್ಕಳು ತಂಬಾಕು ಮುಟ್ಟಂಗಿಲ್ರಿ" ಎಂದೆ ನಾನು, ತುಸು ಬಿರುಸಾಗಿಯೇ. ಹಾಗೆ ಹೇಳುವಾಗ ನನ್ನ ಸೊಂಟದಲ್ಲಿ ಹಿತ್ತಾಳೆಯ ಡಬ್ಬಿ ಇತ್ತು. ಸುನಂದಾಳ ಕೈಚೀಲದಲ್ಲಿ ಅವಳದಿತ್ತು. ನಾವಿಬ್ಬರೂ ಸುಳ್ಳು ಹೇಳಲಿಲ್ಲ. ನಮಗೆ ಗೊತ್ತಿದ್ದ ಸತ್ಯವನ್ನೇ ಹೇಳಿದೆವು. ಡಾಕ್ಟರಮ್ಮ "ಇಲ್ಲ" ಎಂದು ಬರೆದುಕೊಂಡರು.

ಸುನಂದಾಳಿಗೆ ರಕ್ತ ಕಡಿಮೆ ಇತ್ತು, ಅದಕ್ಕೆ ಕಬ್ಬಿಣದ ಗುಳಿಗೆ ಕೊಟ್ಟರು. ಅದರ ಜೊತೆ ಫೋಲಿಕ್ ಆಸಿಡ್ ಎಂಬ ಚಿಕ್ಕ ಗುಳಿಗೆ, ದಿನಕ್ಕೊಂದು. ಬಸುವಿನ ವರದಿಯಲ್ಲಿ ದೋಷ ಇರಲಿಲ್ಲ. ನಾನು ಆ ಚಿಕ್ಕ ಗುಳಿಗೆಯ ಬಗ್ಗೆ ಜಗಳ ತೆಗೆದೆ. ಕೂಸು ಇನ್ನೂ ಬಂದೇ ಇಲ್ಲ, ಕೂಸಿಗೆ ಗುಳಿಗೆ ಯಾಕೆ? ಬೇನೆ ಇಲ್ಲದವರಿಗೆ ಔಷಧ ಮಾರುವ ಹೊಸ ಉಪಾಯವೇ ಇದು? ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು: ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಕೂಸಿನ ಬೆನ್ನುಹುರಿ, ಮಿದುಳು ಕಟ್ಟುವ ಕೆಲಸ ಅರ್ಧ ಮುಗಿದಿರುತ್ತದೆ. ಅದಕ್ಕೆ ಬೇಕಾದದ್ದು ಮೊದಲೇ ಮೈಯಲ್ಲಿ ಇರಬೇಕು. ಕಬ್ಬು ನೆಟ್ಟ ಮೇಲೆ ಹೊಲಕ್ಕೆ ಗೊಬ್ಬರ ಹಾಕುತ್ತೀರೋ, ಮೊದಲೋ? ಇಂಥ ಹೋಲಿಕೆಗಳನ್ನು ನಾನು ನಂಬುವುದಿಲ್ಲ. ಊರಿಗೆ ಬಂದು ಸರ್ಕಾರಿ ದವಾಖಾನೆಯ ನರ್ಸಮ್ಮನನ್ನು ಕೇಳಿದೆ, ಅವಳೂ ಅದನ್ನೇ ಹೇಳಿದಳು. ಇಬ್ಬರೂ ಒಬ್ಬರಿಗೊಬ್ಬರು ಪರಿಚಯ ಇಲ್ಲದವರು ಎಂದು ಖಾತ್ರಿ ಮಾಡಿಕೊಂಡ ಮೇಲೆ ಗುಳಿಗೆ ಶುರುವಾಯಿತು.

ಮಳೆ ಮುಂದುವರಿಯಿತು. ಆರಿದ್ರಾ ಮಳೆಗೆ ಹೊಳೆ ಕೆಂಪಾಯಿತು, ಪುಷ್ಯ ಮಳೆಗೆ ದಂಡೆಯ ಹೊಲಗಳಿಗೆ ನೀರು ನುಗ್ಗಿ ಹಿಂದಕ್ಕೆ ಹೋಯಿತು. ಬಸು ತಂಬಾಕು ಬಿಟ್ಟು ಎರಡು ವಾರ ಮನೆಯವರ ಮೇಲೆಲ್ಲ ಹರಿಹಾಯ್ದ. "ಗಂಡಸರ ಚಟ ನೋಡ, ಎಷ್ಟ ಕೆಟ್ಟದ್ದು" ಎಂದು ನಾನು ಸುನಂದಾಳಿಗೆ ಹೇಳಿದೆ. ಇಬ್ಬರೂ ಹಿತ್ತಲ ಕಲ್ಲಿನ ಮೇಲೆ ಕುಳಿತು ಮಿಶ್ರಿ ಹಚ್ಚುತ್ತಿದ್ದೆವು.

ಭಾದ್ರಪದದಲ್ಲಿ ಸುನಂದಾಳ ಮುಟ್ಟು ನಿಂತಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೌದು ಎಂದರು. ನಾನು ಯಾರಿಗೂ ಹೇಳಬೇಡ ಎಂದೆ, ಆದರೆ ಬಸುವಿನ ಮುಖ ನೋಡಿಯೇ ಅರ್ಧ ಊರಿಗೆ ತಿಳಿಯಿತು. ನವರಾತ್ರಿಯ ಐದನೆಯ ದಿನ, ಎರಡು ತಿಂಗಳು ಇನ್ನೂ ತುಂಬಿರಲಿಲ್ಲ, ಮಧ್ಯಾಹ್ನ ಅವಳು ಬಚ್ಚಲಿನಿಂದ ನನ್ನನ್ನು ಕರೆದಳು. ಆ ದನಿಯಲ್ಲಿಯೇ ನನಗೆ ಎಲ್ಲ ಗೊತ್ತಾಯಿತು. ಅಂಥ ದನಿಯಲ್ಲಿ ನಾನೂ ಒಮ್ಮೆ ಕರೆದಿದ್ದೆ.

ಆಮೇಲೆ ಕಾರಣಗಳು ಬಂದವು. ಓಣಿಯ ಒಬ್ಬಳು ಸುನಂದಾ ತುಂಬಿದ ಕೊಡ ಎತ್ತಿದ್ದನ್ನು ನೋಡಿದ್ದಳು. ಇನ್ನೊಬ್ಬಳು ಅವಳು ಪಪ್ಪಾಯಿ ತಿಂದದ್ದನ್ನು ಕೇಳಿದ್ದಳು. ಗಂಗವ್ವ ಫೋನಿನಲ್ಲಿ, "ನನ್ನ ಪುಡಿ ಕೊಟ್ಟಿದ್ರ ನಿಲ್ತಿತ್ತು" ಎಂದರು. ಡಾಕ್ಟರಮ್ಮ ಮಾತ್ರ, "ಮೊದಲ ತಿಂಗಳುಗಳಾಗ ಹಿಂಗ ಆಗೂದು ಬಾಳ ಸಲ ಐತ್ರಿ. ಹೆಚ್ಚಿನವು ಯಾರ ತಪ್ಪಿನಿಂದಾನೂ ಆಗಿರಂಗಿಲ್ಲ. ಮೈ ಚೇತರಿಸಿಕೊಳ್ಳಲಿ, ಮತ್ತ ನೋಡೂಣು" ಎಂದರು. ಯಾರ ತಪ್ಪೂ ಇಲ್ಲ ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ತಂದಿತು. ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಎನಿಸಿತು. ಯಾರು ಎಂದು ಹುಡುಕಿದೆ. ನನ್ನ ಕಣ್ಣು ಸುನಂದಾಳ ಮೇಲೆ ನಿಂತಿತು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ದಿನಗಳಲ್ಲಿ ಅವಳು ಹೊತ್ತಿಲ್ಲದ ಹೊತ್ತಿನಲ್ಲಿ ಎಮ್ಮೆಯ ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದಳು. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಹೋಗಿ, ಬಾಯಿ ಒರೆಸುತ್ತ ಬರುತ್ತಿದ್ದಳು. ಮಕ್ಕಳಾಗದಂತೆ ನುಂಗುವ ಗುಳಿಗೆಗಳ ಬಗ್ಗೆ ನಾನು ಓದಿದ್ದೆ. ಇವಳಿಗೆ ಈ ಮನೆಯೇ ಬೇಡವೋ? ಯುಗಾದಿಯ ಮಾತು ಕೇಳಿ ತಾನೇ ಹೊರಟುಹೋಗುವ ಮನಸ್ಸು ಮಾಡಿದ್ದಾಳೋ? ದೀಪಾವಳಿಯ ಮರುದಿನ ಬೆಳಿಗ್ಗೆ ನಾನು ಹಿಂದೆಯೇ ಹೋಗಿ ಜೋಳದ ಕಣಿಕೆಯ ಬಣವೆಯ ಪಕ್ಕ ನಿಂತೆ. ಅವಳು ಚಿಕ್ಕ ಡಬ್ಬಿಯೊಂದನ್ನು ತೆರೆಯುತ್ತಿದ್ದಳು.

"ಏನದು? ತೋರಿಸು."

ಅವಳು ಬೆಚ್ಚಿ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದಳು. ನಾನು ಕೈ ಹಿಡಿದು ಎಳೆದುಕೊಂಡೆ. ನಾನೇ ಕೊಟ್ಟ ಡಬ್ಬಿ. ಒಳಗೆ ಮಿಶ್ರಿ.

"ಇಷ್ಟೇನಾ?" ಎಂದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಮಿಶ್ರಿ ಹಚ್ಚಾಕ ಇಲ್ಲಿಗ್ಯಾಕ ಬರ್ತೀ ಬೇ? ನಾ ಏನೇನರ ತಿಳಕೊಂಡಿದ್ದೆ."

"ಬಾಳ ಆಗಾಕತ್ತೇತ್ರಿ ಅತ್ತಿ" ಎಂದಳು, ನೆಲ ನೋಡುತ್ತ. "ದಿನಾ ಏಳೆಂಟ ಸಲ. ಮನಸಿಗೆ ಬ್ಯಾಸರಾದಾಗೆಲ್ಲ ಕೈ ಹೋಗ್ತೈತಿ. ನೀವು ಬೈತೀರಂತ ಇಲ್ಲಿ ಬಂದೆ."

"ಬಯ್ಯೂದೇನೈತಿ ಇದರಾಗ? ಹಲ್ಲ ಗಟ್ಟಿ ಆಗ್ತಾವು." ಅಷ್ಟು ಹೇಳಿ, ಒಳಗೆ ಹೋಗಿ ಅವಳ ಡಬ್ಬಿಯನ್ನು ತುಂಬಿಸಿಕೊಟ್ಟೆ. ಸೊಸೆಯ ಮೇಲೆ ಸಂಶಯಪಟ್ಟದ್ದಕ್ಕೆ ಅದು ನನ್ನ ಪ್ರಾಯಶ್ಚಿತ್ತವಾಗಿತ್ತು.

ಅದೇ ವಾರ ಮತ್ತೆ ಚಿಕ್ಕೋಡಿಗೆ ಹೋದೆವು. ಕಬ್ಬು ಕಡಿಯುವ ಕೆಲಸ ಶುರುವಾಗಿ, ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಡಾಕ್ಟರಮ್ಮ ಸುನಂದಾಳ ನಾಲಗೆ ನೋಡಲು ಬಾಯಿ ತೆರೆಯಲು ಹೇಳಿದರು. ಒಸಡನ್ನು ಹತ್ತಿರದಿಂದ ನೋಡಿ ಕೇಳಿದರು:

"ಹಲ್ಲಿಗೆ ಏನ ಹಚ್ಚತೀರಿ?"

"ಮಿಶ್ರಿ ಹಚ್ಚತೇನ್ರಿ."

ಪೆನ್ನು ಕೆಳಗಿಟ್ಟರು. "ದಿನಕ್ಕ ಎಷ್ಟ ಸಲ?"

"ಏಳೆಂಟ."

"ತಂಬಾಕು ಇಲ್ಲಂತ ಹೇಳಿದ್ರಲ್ಲ?"

"ತಂಬಾಕು ಅಲ್ರಿ ಅದು, ಮಿಶ್ರಿ" ಎಂದೆ ನಾನು.

"ಅಜ್ಜಿ, ಅದನ್ನ ಯಾತರಿಂದ ಮಾಡ್ತೀರಿ?"

ನಾನು ಸೊಂಟದ ಡಬ್ಬಿಯ ಮೇಲೆ ಸೆರಗು ಎಳೆದುಕೊಂಡೆ. ಅವರೇ ಮುಂದುವರಿಸಿದರು. ಸುಟ್ಟರೂ ಅದರ ವಿಷ ಹೋಗುವುದಿಲ್ಲ. ಒಸಡಿನಿಂದ ರಕ್ತಕ್ಕೆ ಸೇರುತ್ತದೆ. ಬಸಿರು ನಿಲ್ಲುವುದು ತಡವಾಗಬಹುದು, ನಿಂತದ್ದು ಹೋಗಬಹುದು, ಕೂಸು ತೀರ ಸಣ್ಣದಾಗಿ ಹುಟ್ಟಬಹುದು, ಒಮ್ಮೊಮ್ಮೆ ಹೊಟ್ಟೆಯಲ್ಲಿಯೇ ತೀರಿಕೊಳ್ಳಬಹುದು. "ಇವರದು ಅದರಿಂದನ ಹೋತಂತ ನಾ ಹೇಳಂಗಿಲ್ರಿ. ಹಂಗ ಹೇಳಾಕ ಯಾರಿಗೂ ಬರಂಗಿಲ್ಲ. ಆದ್ರ ನಮ್ಮ ಕೈಯಾಗ ತೆಗೆಯಾಕ ಬರೂವಂಥಾದ್ದು ಇದೊಂದು ಐತಿ."

ನನಗೆ ಕೋಪ ಬಂತು. ಮೇಜಿನ ಮೇಲೆ ಅಂಗೈ ಬಡಿದೆ. "ಐವತ್ತ ವರ್ಷ ಆತ್ರಿ ನಾ ಹಚ್ಚಾಕತ್ತು. ನಮ್ಮ ಅವ್ವ ಹಚ್ಚಿದ್ಲು. ನಾ ಮೂರ ಮಕ್ಕಳ ಹಡದೇನಿ. ಯಾರಿಗೇನಾಗೇತಿ?"

ಡಾಕ್ಟರಮ್ಮ ವಾದ ಮಾಡಲಿಲ್ಲ. "ನೀವ ಓದಿದವರಿದ್ದೀರಿ. ವಿಚಾರ ಮಾಡ್ರಿ" ಎಂದರು. ನನಗೆ ಅದು ಚುಚ್ಚು ಮಾತು ಎನಿಸಿತು.

ದಾರಿಯಲ್ಲಿ ಸುನಂದಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಒಂದೇ ಸಮನೆ ಡಾಕ್ಟರಮ್ಮನನ್ನು ಬಯ್ಯುತ್ತಿದ್ದೆ. ನಮ್ಮ ಊರು ತಲುಪುವ ಮುಂಚೆ ನನ್ನ ಮಾತು ನನಗೇ ಬೇಸರವಾಯಿತು. ಐದು ಎನ್ನಬೇಕಾದಲ್ಲಿ ನಾನು ಮೂರು ಎಂದಿದ್ದೆ. ಬೇಕೆಂದೇ ಮುಚ್ಚಿಟ್ಟದ್ದಲ್ಲ. ಉಳಿಯದ ಮಕ್ಕಳನ್ನು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ನನ್ನ ಮೊದಲ ಕೂಸು ಎಂಟನೆಯ ತಿಂಗಳಲ್ಲಿ ಉಸಿರಿಲ್ಲದೆ ಹುಟ್ಟಿತು. ಮೂರನೆಯದು ಎರಡು ಅಂಗೈಗಳೊಳಗೆ ಹಿಡಿಯುವಷ್ಟು ಸಣ್ಣದು, ಮೂರು ದಿನ ಇತ್ತು. ಎರಡಕ್ಕೂ ನಮ್ಮ ಅತ್ತೆ ಗ್ರಹಣದ ನೆರಳು ಎಂದು ಕಾರಣ ಹೇಳಿದ್ದರು. ಗ್ರಹಣ ಹಿಡಿದಾಗ ನಾನು ಕುಡಗೋಲು ಮುಟ್ಟಿದ್ದೆನಂತೆ. ಎಲ್ಲವನ್ನೂ ಕೆದಕುವ ನಾನು ಆ ಒಂದನ್ನು ಕೆದಕಿರಲಿಲ್ಲ. ಕೆದಕುವ ಧೈರ್ಯ ಇರಲಿಲ್ಲ.

ಆದರೂ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದರೆಂಬ ಕಾರಣಕ್ಕೆ ನಂಬಲು ನನ್ನಿಂದ ಆಗಲಿಲ್ಲ. ನನ್ನದೇ ಒಂದು ಪರೀಕ್ಷೆಯನ್ನು ಯೋಚಿಸಿದೆ. ಉಪ್ಪು ಬೂದಿಯಿಂದ ಹಲ್ಲುಜ್ಜುವವರು ಅದನ್ನು ಎಂಟು ದಿನ ಬಿಟ್ಟರೆ ಹಲ್ಲು ಕೊಳೆಯಾದೀತು, ಅಷ್ಟೇ. ಮಿಶ್ರಿ ಬರೀ ಹಲ್ಲುಪುಡಿಯಾಗಿದ್ದರೆ ಅದನ್ನು ಬಿಟ್ಟಾಗಲೂ ಅಷ್ಟೇ ಆಗಬೇಕು. ಹಿತ್ತಾಳೆಯ ಡಬ್ಬಿಯನ್ನು ಗೋಡೆಯಲ್ಲಿನ ದೇವರ ಮಾಡದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟೆ. "ಎಂಟ ದಿನ ಮುಟ್ಟಂಗಿಲ್ಲ. ನನಗೇನೂ ಆಗಲಿಲ್ಲಂದ್ರ, ಚಿಕ್ಕೋಡಿಗೆ ಹೋಗಿ ಆ ಡಾಕ್ಟರಬಾಯಿಗೆ ನಾಕ ಮಾತ ಹೇಳಿ ಬರ್ತೇನಿ" ಎಂದು ಸಾರಿದೆ.

ಮೊದಲ ದಿನ ಗೆದ್ದೆ ಎನಿಸಿತು. ಎರಡನೆಯ ದಿನ ಬೆಳಿಗ್ಗೆ ಹೊಟ್ಟೆ ಸರಿಯಾಗಲಿಲ್ಲ. ಮಧ್ಯಾಹ್ನ ಕಬ್ಬು ಕಡಿಯುವವರಿಗೆ ಚಹಾ ಕೊಡಲು ಹೋದವಳು, ಚಹಾ ಸೋಸುವಾಗ ಕೈ ನಡುಗಿ ಅರ್ಧ ನೆಲಕ್ಕೆ ಚೆಲ್ಲಿದೆ. ಮೂರನೆಯ ದಿನ ತಲೆ ಎರಡು ಹೋಳಾಗುವಂತೆ ನೋಯಿತು. ಎಮ್ಮೆ ಒದ್ದರೆ ಎಮ್ಮೆಗೆ ಬೈದೆ, ಒದೆಯದಿದ್ದರೂ ಬೈದೆ. ಬಸು ಊಟಕ್ಕೆ ತಡವಾಗಿ ಬಂದ ಎಂದು ತಟ್ಟೆ ಎತ್ತಿ ಒಗೆದೆ. ಅವನು ತಟ್ಟೆ ಎತ್ತಿಕೊಂಡು ನನ್ನನ್ನೇ ನೋಡಿದ.

"ಅವ್ವಾ, ನಾ ತಂಬಾಕ ಬಿಟ್ಟಾಗ ಹಿಂಗಽ ಆಗಿತ್ತು. ಆಗ ನೀ ನನಗ ಚಟಗಾರ ಅಂದಿದ್ದಿ."

ಸುನಂದಾ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಐದನೆಯ ದಿನ ಮನೆಯಲ್ಲಿ ಯಾರೂ ಇಲ್ಲದಾಗ ದೇವರ ಮಾಡದ ಮುಂದೆ ನಿಂತಿದ್ದೆ. ಕೈ ಡಬ್ಬಿಯ ಮೇಲಿತ್ತು. ಅರವತ್ತೆಂಟು ವರ್ಷದ ಮುದುಕಿ, ಕಳ್ಳಿಯ ಹಾಗೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ಸುನಂದಾ ಕೊಟ್ಟಿಗೆಯ ಹಿಂದೆ ನಿಂತಂತೆಯೇ. ಆಗ ನನಗೆ ಖಾತ್ರಿಯಾಯಿತು. ಹಲ್ಲುಪುಡಿಗಾಗಿ ಯಾರೂ ಹೀಗೆ ನಿಲ್ಲುವುದಿಲ್ಲ.

ಎಂಟನೆಯ ದಿನ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ನಮ್ಮ ಮಾವ ವರ್ಷವರ್ಷದ ಪಂಚಾಂಗಗಳನ್ನು ಎಸೆಯದೆ ಇಡುತ್ತಿದ್ದರು. ಮೊದಲ ಕೂಸಿನ ವರ್ಷದ್ದನ್ನು ಹುಡುಕಿದೆ. ಆ ತಿಂಗಳುಗಳಲ್ಲಿ ಒಂದು ಚಂದ್ರಗ್ರಹಣ ಇತ್ತು. ಮೂರನೆಯದರ ವರ್ಷದ್ದನ್ನು ತೆಗೆದೆ. ಆ ಒಂಬತ್ತು ತಿಂಗಳಲ್ಲಿ ನಮ್ಮ ಭಾಗಕ್ಕೆ ಕಾಣುವ ಗ್ರಹಣವೇ ಇರಲಿಲ್ಲ. ಪುಟವನ್ನು ಮೂರು ಸಲ ತಿರುವಿದೆ. ಆ ಪುಸ್ತಕ ನಲವತ್ತಕ್ಕೂ ಹೆಚ್ಚು ವರ್ಷ ನನ್ನ ತಲೆಯ ಮೇಲಿನ ಅಟ್ಟದಲ್ಲಿಯೇ ಇತ್ತು.

ಸುನಂದಾ ಅಡುಗೆಮನೆಯಲ್ಲಿದ್ದಳು. ಅವಳ ಮುಂದೆ ಕುಳಿತೆ. "ನಿನ್ನ ಡಬ್ಬಿ ಕೊಡು. ನಾನಽ ಕೊಟ್ಟದ್ದು, ನಾನಽ ತಗೊಳ್ತೇನಿ" ಎಂದೆ. ಅವಳು ಸೆರಗಿನಿಂದ ಬಿಚ್ಚಿ ಕೊಟ್ಟಳು. ಎರಡೂ ಡಬ್ಬಿಗಳ ಪುಡಿಯನ್ನು ಹಿತ್ತಲ ಗುಂಡಿಗೆ ಸುರಿದು ಮಣ್ಣು ಎಳೆದೆವು.

ಅವಳಿಗೆ ಬಿಡುವುದು ನನಗಿಂತ ಕಷ್ಟವಾಯಿತು. ಬಡೇಸೋಪು, ಹುರಿದ ಎಳ್ಳು, ಬೆಲ್ಲದ ಚೂರು ಬಾಯಿಯಲ್ಲಿಟ್ಟುಕೊಂಡು ಇಬ್ಬರೂ ಕಬ್ಬಿನ ಕಾಲವನ್ನು ಕಳೆದೆವು. ಎರಡು ಸಲ ಅವಳು ಸೋತಳು, ಒಮ್ಮೆ ನಾನು ಸೋತೆ. ಸೋತವರು ಇನ್ನೊಬ್ಬರಿಗೆ ಹೇಳಬೇಕು ಎಂಬುದೊಂದೇ ನಾವು ಮಾಡಿಕೊಂಡ ಕರಾರು. ಕೊಟ್ಟಿಗೆಯ ಹಿಂದೆ ಯಾರೂ ಹೋಗಬೇಕಾಗಿರಲಿಲ್ಲ.

ಸಂಕ್ರಾಂತಿಗೆ ಗಂಗವ್ವ ಕುಸುರೆಳ್ಳು ತಂದರು. ಕೂಡುತ್ತಲೇ ಯುಗಾದಿಯ ಮಾತು ತೆಗೆದರು. "ಹುಡುಗಿ ಮನಿಯವರು ಕಾಯಾಕತ್ತಾರ, ಶಾಂತಾ. ಇವಳನ್ನ ನಾಕ ದಿನ ತವರಿಗೆ ಕಳಿಸು, ಆಮ್ಯಾಲೆ ಮಾತ ಸಲೀಸ ಆಗ್ತಾವು."

ಸುನಂದಾ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿಯೇ ನಿಂತುಬಿಟ್ಟಳು.

"ಆಕಿ ಎಲ್ಲಿಗೂ ಹೋಗಂಗಿಲ್ಲ ಅಕ್ಕಾ" ಎಂದೆ. "ತಪ್ಪ ಹುಡಕೂದಿದ್ರ ಆಕಿ ಮೈಯಾಗ ಹುಡಕಬ್ಯಾಡ್ರಿ. ಈ ಮನಿಗೆ ಬಂದ ಮೊದಲನೇ ದಿನ ಆಕಿ ಬಾಯಿಗೆ ತಂಬಾಕು ಹಾಕಿದಾಕಿ ನಾನು. ವಾಂತಿ ಮಾಡಿದ್ರ ನಕ್ಕೀನಿ. ಕಳಸೂದಿದ್ರ ನನ್ನ ಕಳಸ್ರಿ, ನಿಪ್ಪಾಣಿಗೆ."

"ಹುಚ್ಚ ಹಿಡದೈತೇನು ನಿನಗ? ಮಿಶ್ರಿಗೆ ತಂಬಾಕು ಅಂತಿ?"

ಬಸು ಕಂಬ ಬಿಟ್ಟು ಮುಂದೆ ಬಂದ. ಆ ವರ್ಷ ಈ ವಿಷಯದಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ಅತ್ತಿ, ಆ ಹುಡುಗಿ ಚಲೋ ಇದ್ರ ಬ್ಯಾರೆ ಯಾರಿಗರ ತೋರಸು. ಚಹಾ ಕುಡಿ, ಆರಾಕತ್ತೇತಿ."

ಯುಗಾದಿ ಬಂತು, ಹೋಯಿತು. ಬೇವಿನ ಹೂವು ಉದುರಿತು. ಏನೂ ಆಗಲಿಲ್ಲ. ವೈಶಾಖದಲ್ಲೂ ಇಲ್ಲ. ನನ್ನ ಸಂಶಯ ಮತ್ತೆ ತಲೆ ಎತ್ತಿತು. ನಾನೇ ತಪ್ಪು ತಿಳಿದೆನೇ? ಆದರೂ ಸುನಂದಾ ದಿನದ ಗುಳಿಗೆಯನ್ನು ತಪ್ಪಿಸಲಿಲ್ಲ, ನಾನು ಡಬ್ಬಿಗಳನ್ನು ತುಂಬಿಸಲಿಲ್ಲ. ಜ್ಯೇಷ್ಠದಲ್ಲಿ, ಮೃಗಶಿರಾ ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ, ಅವಳು ಬಂದು ನನ್ನ ಕಿವಿಯಲ್ಲಿ ಹೇಳಿದಳು. ಈ ಸಲ ನಾನು ಬಸುವಿಗೂ ಹದಿನೈದು ದಿನ ಹೇಳಗೊಡಲಿಲ್ಲ.

ಅವಳ ಮಗಳು ಈಗ ನಾನು ಬರೆಯುವ ಕಾಗದದ ಮೂಲೆಯನ್ನು ಎಳೆಯುತ್ತಿದ್ದಾಳೆ. ಮೂರು ತುಂಬಿದೆ. ಹುಟ್ಟಿದಾಗ ನನ್ನ ಎರಡು ಅಂಗೈಗಳಲ್ಲಿ ಹಿಡಿಯಲಿಲ್ಲ, ತೋಳು ಬೇಕಾಯಿತು. ಗುಳಿಗೆಯೋ, ಮಿಶ್ರಿ ಬಿಟ್ಟದ್ದೋ, ಕಾಲವೋ, ಯಾವುದರಿಂದ ಆಯಿತು ಎಂದು ನಾನು ಹೇಳಲಾರೆ. ಖಂಡಿತವಾಗಿ ಹೇಳುವವರನ್ನು ನಾನು ಇಂದಿಗೂ ನಂಬುವುದಿಲ್ಲ. ನನ್ನ ಆ ಎರಡು ಮಕ್ಕಳ ಬಗ್ಗೆಯೂ ಖಂಡಿತವಾಗಿ ಏನೂ ಗೊತ್ತಿಲ್ಲ. ಗ್ರಹಣ ಅಲ್ಲ ಎಂಬಷ್ಟು ಮಾತ್ರ ಗೊತ್ತು.

ಆ ಜ್ಯೇಷ್ಠದಲ್ಲಿ ಚಿಕ್ಕೋಡಿಗೆ ಹೋದ ದಿನ ಮಳೆ ಹಿಡಿದಿತ್ತು. ಡಾಕ್ಟರಮ್ಮ ಹೊಸ ಕಾರ್ಡು ತೆಗೆದು ಮೊದಲಿನ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದರು. ತಂಬಾಕಿನ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ ಸುನಂದಾಳ ಮುಖ ನೋಡಿದರು.

"ಇತ್ರಿ" ಎಂದಳು ಸುನಂದಾ. "ಮಿಶ್ರಿ. ಬಿಟ್ಟು ಏಳ ತಿಂಗಳ ಆತು."

ಡಾಕ್ಟರಮ್ಮ ಬರೆದುಕೊಂಡರು. ಕಾರ್ಡನ್ನು ಮಡಚಲು ಹೋದಾಗ ನಾನು ಅದರ ಮೇಲೆ ಕೈ ಇಟ್ಟೆ. ಈ ಸಲ ಮೇಜು ಬಡಿಯಲಿಲ್ಲ.

"ನಂದೊಂದ ಬರಕೋರ್ರಿ."

"ನಿಮ್ಮದ್ಯಾಕ್ರಿ ಅಜ್ಜಿ?"

"ಹ್ವಾದ ಸಲ ನಿಮ್ಮ ಮುಂದ ಮೂರ ಹಡದೇನಿ ಅಂದಿದ್ದೆ. ಐದ ಹಡದೇನ್ರಿ. ಮೂರ ಅದಾವು."

ಹೊರಗೆ ಮಳೆಯ ಸದ್ದು ಜೋರಾಗಿತ್ತು. ನನ್ನ ಮಾತು ಕೇಳಿಸಿತೋ ಇಲ್ಲವೋ ಎಂದು ನಾನು ಮತ್ತೊಮ್ಮೆ ಹೇಳಿದೆ. ಡಾಕ್ಟರಮ್ಮ ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು.